ಸಹಾಯ ಬೇಕು: ಕೆನಡಾದಲ್ಲಿ ಬಲಗಡೆ ಸ್ಟೇರಿಂಗ್ ಗಾಡಿ ಓಡಿಸಿದವರು ಇದ್ದೀರಾ?

ನಮಸ್ಕಾರ, ನಾವು ಕಾರವಾರದವರು. ತಮ್ಮ ವ್ಯಾಂಕೂವರಿನಲ್ಲಿದ್ದಾನೆ. ಅಲ್ಲಿ ಗಾಡಿಗಳು ರಸ್ತೆಯ ಬಲಬದಿ ಓಡುತ್ತವೆ. ಆದರೂ ಇವನಿಗೆ ಜಪಾನಿನ ಹಳೇ ಡೆಲಿಕಾ ವ್ಯಾನೇ ಬೇಕಂತೆ, ಸ್ಟೇರಿಂಗ್ ನಮ್ಮ ಹಾಗೆ ಬಲಕ್ಕೆ. 15 ವರ್ಷ ದಾಟಿದ ಗಾಡಿ ತರಿಸಲು ಕೆನಡಾದಲ್ಲಿ ನಿಯಮ ಸಡಿಲ. ಫೋರ್ ವೀಲ್ ಡ್ರೈವ್ ಬೇರೆ. ಊರಲ್ಲಿ ಕಲಿತ ಕೈಗೆ ಅದೇ ಸಲೀಸು ಎನ್ನುತ್ತಾನೆ.

ಅಮೆರಿಕದ ಹಳ್ಳಿ ಪೋಸ್ಟ್‌ಮನ್‌ಗಳು ಬಲಗಡೆ ಕೂತರೆ ರಸ್ತೆ ಬದಿಯ ಡಬ್ಬಿ ಕೈಗೆ ಸಿಗುತ್ತದೆ, ಸರಿ. ಇವನೇನು ಟಪಾಲು ಹಂಚಬೇಕಾ?

ನನ್ನ ಚಿಂತೆ ಓವರ್‌ಟೇಕ್‌ದು. ಅರಬೈಲ್ ಘಾಟಿಯಲ್ಲಿ ಲಾರಿ ಹಿಂದೆ ಸಿಕ್ಕಿಕೊಂಡರೂ ನಮಗೆ ಎದುರಿನದು ಸ್ವಲ್ಪವಾದರೂ ಕಾಣುತ್ತದೆ, ಅಲ್ವಾ? ಕೆನಡಾದಲ್ಲಿ ಬಲಗಡೆ ಕೂತವನಿಗೆ ಕಾಣುವುದು ರಸ್ತೆಯ ಅಂಚು ಮಾತ್ರ. ಎಡಬದಿ ಓಡಲು ಮಾಡಿದ ಗಾಡಿಯ ಹೆಡ್‌ಲೈಟೂ ಅಲ್ಲಿ ಎದುರಿನವರ ಕಣ್ಣಿಗೇ ಹೊಡೆಯುತ್ತದೆ, ಬದಲಿಸಬೇಕು.

ಎಡಗಡೆ ಕ್ಯಾಮೆರಾ ಹಾಕಿಸಿದರೆ ಸಾಕಾ? ಇನ್ಶೂರೆನ್ಸ್ ಜಾಸ್ತಿ ಆಗುತ್ತಾ? ಗೊತ್ತಿದ್ದವರು ಹೇಳಿ, ಅವನು ಅಡ್ವಾನ್ಸ್ ಕೊಡುವ ಮೊದಲು.