ಟೈರ್ ಬ್ಯಾಲೆನ್ಸಿಂಗ್: ವೇಟ್ ಹೊಡೆಸಬೇಕಾ, ಮಣಿ ಹಾಕಿಸಬೇಕಾ? ನಮ್ಮ ಗುಂಪಿನ ಪ್ರಶ್ನೋತ್ತರ

ಅಡ್ಮಿನ್: ಎಲ್ಲರಿಗೂ ನಮಸ್ಕಾರ. ಚಕ್ರದ ಬ್ಯಾಲೆನ್ಸಿಂಗ್, ಅಂದರೆ ಚಕ್ರದ ಭಾರ ಸುತ್ತಲೂ ಒಂದೇ ಸಮ ಮಾಡುವ ಕೆಲಸ, ಹೇಗೆ ಮಾಡಿಸುವುದು ಅಂತ ಹೋದ ವಾರ ತುಂಬ ಜನ ಕೇಳಿದ್ದಿರಿ. ಕೆಲವರು ರಿಮ್ಮಿಗೆ ವೇಟ್ (ಸಣ್ಣ ಲೋಹದ ತುಂಡು) ಹೊಡೆಸಿ ಎಂದರು, ಕೆಲವರು ಟೈರಿನೊಳಗೆ ಮಣಿ (ಒಳಗೆ ಉರುಳಾಡುವ ಸಣ್ಣ ಗುಂಡುಗಳು) ಹಾಕಿಸಿ ಎಂದರು. ಇವತ್ತು ಸಂಜೆ ಕುಂಬಳೆಯ ಟೈರ್ ಅಣ್ಣ ಉತ್ತರ ಕೊಡುತ್ತಾರೆ. 22 ವರ್ಷದಿಂದ ಇದೇ ಕೆಲಸ ಅವರದ್ದು. ಬೈಕಿನಿಂದ ಬಸ್ಸಿನವರೆಗೆ ಕೇಳಿ. ಫಾರ್ವರ್ಡ್ ಹಾಕಬೇಡಿ.

ವಿದ್ಯಾನಗರ ಸ್ವಿಫ್ಟ್: ಅಣ್ಣ, 90ಕ್ಕೆ ಹೋದರೆ ಸ್ಟೀರಿಂಗ್ ನಡುಗುತ್ತದೆ. 110 ದಾಟಿದರೆ ಕಡಿಮೆಯಾಗುತ್ತದೆ. ಬ್ಯಾಲೆನ್ಸಿಂಗಾ, ಅಲೈನ್‌ಮೆಂಟಾ?

ಟೈರ್ ಅಣ್ಣ: ಬ್ಯಾಲೆನ್ಸಿಂಗ್. ಮುಂದಿನ ಚಕ್ರಗಳು. ಗಾಡಿ ಒಂದು ಬದಿಗೆ ಎಳೆದರೆ, ಟೈರ್ ಒಂದೇ ಅಂಚಿನಲ್ಲಿ ಸವೆದರೆ ಅದು ಅಲೈನ್‌ಮೆಂಟ್, ಅಂದರೆ ಚಕ್ರಗಳ ನೇರ ತಪ್ಪಿದ್ದು. ನಡುಕ ಸೀಟಿಗೆ ಬರುತ್ತಿದ್ದರೆ ಹಿಂದಿನ ಚಕ್ರ ನೋಡಬೇಕು. ಬ್ರೇಕ್ ಒತ್ತಿದಾಗ ಮಾತ್ರ ನಡುಗಿದರೆ ಡಿಸ್ಕ್, ಅದಕ್ಕೆ ಮೆಕ್ಯಾನಿಕ್ ಹತ್ತಿರ ಹೋಗಿ. ಮತ್ತೆ, ಮಳೆಗಾಲ ಅಲ್ವಾ, ಅಂಗಡಿಗೆ ಹೋಗುವ ಮೊದಲು ರಿಮ್ಮಿನ ಒಳಬದಿ ಚೆನ್ನಾಗಿ ತೊಳೆಯಿರಿ. ಒಳದಾರಿಯ ಕೆಂಪು ಕೆಸರು ಅಲ್ಲಿ ಅಂಟಿ ಒಣಗಿದರೆ ಒಂದು ಮುಷ್ಟಿ ಸಾಕು, ಸ್ಟೀರಿಂಗ್ ನಡುಗುತ್ತದೆ. ತೊಳೆದ ಮೇಲೂ ನಡುಗಿದರೆ ಬನ್ನಿ.

ಮುಳ್ಳೇರಿಯ ಬುಲೆಟ್: ಬೈಕಿಗೆ ಬ್ಯಾಲೆನ್ಸಿಂಗ್ ಬೇಕಾ ಅಣ್ಣ? ಸ್ಪೋಕ್ ಚಕ್ರ.

ಟೈರ್ ಅಣ್ಣ: ಬೇಕು. ಬೈಕಿನ ಟೈರ್ ಸಪೂರ, ಹಾಗಾಗಿ ಸ್ಟಾಟಿಕ್ ಸಾಕು. ಚಕ್ರವನ್ನು ಆಕ್ಸಲ್ ಮೇಲೆ ಸಡಿಲವಾಗಿ ತಿರುಗಲು ಬಿಟ್ಟರೆ ಭಾರದ ಕಡೆ ತಾನಾಗಿ ಕೆಳಗೆ ಬಂದು ನಿಲ್ಲುತ್ತದೆ. ಅದರ ನೇರ ಎದುರಿನ ಸ್ಪೋಕಿಗೆ ವೇಟ್ ಕಟ್ಟುವುದು. ಯಾವ ಕಡೆ ನಿಲ್ಲಿಸಿದರೂ ಅಲ್ಲೇ ನಿಂತರೆ ಮುಗಿಯಿತು. ಆದರೆ ಅದಕ್ಕೂ ಮೊದಲು ಸ್ಪೋಕ್ ಬಿಗಿ ಮಾಡಿಸಿ ರಿಮ್ಮಿನ ಡೊಂಕು ತೆಗೆಸಿ. ಡೊಂಕು ರಿಮ್ಮಿಗೆ ಎಷ್ಟು ವೇಟ್ ಕಟ್ಟಿದರೂ ಡೊಂಕೇ.

ಪೆರ್ಲದ ಕ್ಯಾರವಾನ್: ನಮಸ್ತೆ ಅಣ್ಣ. ಹಳೆಯ ಮಿನಿ ಬಸ್ಸೊಂದನ್ನು ತೆಗೆದುಕೊಂಡು ಕ್ಯಾರವಾನ್ ಮಾಡಿಸಿದ್ದೇನೆ. ಒಳಗೆ ಮಂಚ, ಅಡುಗೆ ಕಟ್ಟೆ, ಫ್ರಿಡ್ಜ್, 200 ಲೀಟರ್ ನೀರಿನ ಟ್ಯಾಂಕ್ ಉಂಟು. ಹಿಂದೆ ಡಬಲ್ ಟೈರ್. ಎರಡು ತಿಂಗಳ ಹಿಂದೆ 80ರಲ್ಲಿ ಸಣ್ಣ ನಡುಕ ಇತ್ತು. ಮುಂದಿನ ಎರಡು ಚಕ್ರ ಮೂರು ಸಲ ಬ್ಯಾಲೆನ್ಸ್ ಮಾಡಿಸಿದೆ. ಆಮೇಲೆ 60ರಲ್ಲಿ ಬಂತು. ಈಗ 40ರಲ್ಲೇ ಸೀಟು ಗಡಗಡ ಅನ್ನುತ್ತದೆ. ಹಿಂದಿನ ಚಕ್ರ ಯಾರೂ ಬಿಚ್ಚಲಿಲ್ಲ, ಡಬಲ್ ಟೈರ್ ಅಂತ. ಬರುವ ಶುಕ್ರವಾರ ಅಪ್ಪ ಅಮ್ಮನನ್ನು ಕರೆದುಕೊಂಡು ಸಂಪಾಜೆ ಘಾಟಿಯಲ್ಲಿ ಮಡಿಕೇರಿಗೆ, ಅಲ್ಲಿಂದ ಮೈಸೂರಿಗೆ ಹೊರಡುವುದು. ಹಿಂದೆ ಮಣಿ ಹಾಕಿಸಬೇಕಾ, ಹಬ್‌ಗೆ (ಚಕ್ರ ಕಟ್ಟುವ ನಡುವಿನ ಭಾಗ) ಕೂರಿಸುವ ಬ್ಯಾಲೆನ್ಸಿಂಗ್ ರಿಂಗ್ ತರಿಸಬೇಕಾ?

ಗಲ್ಫ್ ಟ್ರೈಲರ್: ಮಣಿ ಹಾಕಿಸಿ, ಎರಡನೇ ಯೋಚನೆ ಬೇಡ. ನಾನು 14 ವರ್ಷ ಅಲ್ಲಿ ಟ್ರೈಲರ್ ಓಡಿಸಿದವನು. ಟೈರ್ ಮುಗಿಯುವವರೆಗೆ ಬೇರೆ ಬ್ಯಾಲೆನ್ಸಿಂಗ್ ಮಾಡಿಸಲೇ ಇಲ್ಲ.

ಉಪ್ಪಳ ಲಾರಿ: ಮಣಿ ಗಿಣಿ ಎಲ್ಲ ಸುಮ್ನೆ. ಬ್ಯಾಲೆನ್ಸಿಂಗ್ ಮಿಷಿನ್‌ಗೆ ಹಾಕಿ ವೇಟ್ ಹೊಡೆಯುವುದೇ ಸರಿ.

ಟೈರ್ ಅಣ್ಣ: ಇಬ್ಬರೂ ಸ್ವಲ್ಪ ನಿಲ್ಲಿ. ಪೆರ್ಲದವರೇ, ನೀವು ಬರೆದದ್ದನ್ನು ಎರಡು ಸಲ ಓದಿದೆ. ಯಾವ ವಿಧಾನ ಎಂದು ಆಮೇಲೆ ಹೇಳುತ್ತೇನೆ. ಮೊದಲು ಆ ಗಾಡಿಯನ್ನು ರಸ್ತೆಗೆ ಇಳಿಸಬೇಡಿ.

ಯಾಕೆ ಅಂದರೆ ಬ್ಯಾಲೆನ್ಸ್ ತಪ್ಪಿದ ನಡುಕ 40ರಲ್ಲಿ ಗಡಗಡ ಅನ್ನುವುದಿಲ್ಲ. ಲೆಕ್ಕ ಹೇಳುತ್ತೇನೆ. ನಿಮ್ಮ ಗಾಡಿಯಂಥ ಚಕ್ರದ ರಿಮ್ಮಿನಲ್ಲಿ ಒಂದು ಕಡೆ 50 ಗ್ರಾಂ ಜಾಸ್ತಿ ಇದ್ದರೆ 100 ಕಿ.ಮೀ. ವೇಗದಲ್ಲಿ ಅದು ಸುಮಾರು 6 ಕಿಲೋ ಭಾರದಷ್ಟು ಬಲದಲ್ಲಿ ಚಕ್ರವನ್ನು ಹೊರಗೆ ಎಳೆಯುತ್ತದೆ, ಅದೂ ಸೆಕೆಂಡಿಗೆ ಹನ್ನೆರಡು ಹದಿಮೂರು ಸಲ. ವೇಗ ಅರ್ಧಕ್ಕೆ ಇಳಿದರೆ ಎಳೆತ ಕಾಲು ಭಾಗಕ್ಕೆ ಇಳಿಯುತ್ತದೆ. 40ರಲ್ಲಿ ಬರೀ ಒಂದು ಕಿಲೋ. ಅಷ್ಟಕ್ಕೆ ಒಂದು ಬಸ್ಸು ಕುಲುಕುತ್ತದಾ? ಇಲ್ಲ. ನಿಧಾನ ಹೋಗುವಾಗಲೇ ಕುಲುಕಿದರೆ ಚಕ್ರದ ಆಕಾರ ಕೆಟ್ಟಿದೆ ಎಂದು ಅರ್ಥ. ರಿಮ್ ಬಗ್ಗಿರಬಹುದು, ಟೈರ್ ರಿಮ್ಮಿನಲ್ಲಿ ಸರಿ ಕೂರದೆ ಇರಬಹುದು, ತುಂಬ ದಿನ ನಿಂತ ಗಾಡಿಯಾದರೆ ಟೈರಿನ ತಳ ಚಪ್ಪಟೆಯಾಗಿರಬಹುದು. ಇವು ಯಾವುವೂ ವಾರದಿಂದ ವಾರಕ್ಕೆ ಹೀಗೆ ಬೆಳೆಯುವುದಿಲ್ಲ. ಚಪ್ಪಟೆಯಾದದ್ದು ಸಾಮಾನ್ಯವಾಗಿ ಸ್ವಲ್ಪ ದೂರ ಓಡಿ ಬಿಸಿಯಾದಾಗ ಕಡಿಮೆಯಾಗುತ್ತದೆ. ನಿಮ್ಮದು 80, 60, 40 ಅಂತ ಇಳಿಯುತ್ತಾ ಬಂದಿದೆ. ನನಗೆ ಭಯ ಇರುವುದು ಅಲ್ಲೇ. ಟೈರಿನೊಳಗಿನ ಉಕ್ಕಿನ ಬೆಲ್ಟಿನಿಂದ ಮೇಲಿನ ರಬ್ಬರ್ ಬಿಡುತ್ತಾ ಬರುವಾಗ ಹೀಗಾಗುತ್ತದೆ. ಅದು ಘಾಟಿಯಲ್ಲಿ ಪೂರ್ತಿ ಕಿತ್ತು ಬಂದರೆ ಚಕ್ರದ ಮೇಲಿನ ತಗಡು, ಬ್ರೇಕ್ ಪೈಪ್ ಯಾವುದನ್ನೂ ಬಿಡುವುದಿಲ್ಲ.

ಇವತ್ತೇ ನೋಡಿ. ಗಟ್ಟಿ ನೆಲದಲ್ಲಿ ನಿಲ್ಲಿಸಿ, ಮುಂದಿನ ಚಕ್ರಕ್ಕೆ ಎರಡೂ ಕಡೆ ಕಲ್ಲು ಕೊಡಿ, ಹಿಂದೆ ಜಾಕ್ ಹಾಕಿ ಕೆಳಗೆ ಸ್ಟ್ಯಾಂಡ್ ಇಡಿ. ಬರೀ ಜಾಕ್ ನಂಬಬೇಡಿ, ಗಾಡಿಯ ಕೆಳಗೆ ತಲೆ ಹಾಕಬೇಡಿ. ಇಂಜಿನ್ ಬಂದ್ ಇರಲಿ. ಒಂದು ಕೋಲನ್ನು ಟೈರಿನ ಹತ್ತಿರ ಅಲ್ಲಾಡದ ಹಾಗೆ ಹಿಡಿದು ಚಕ್ರವನ್ನು ಕೈಯಲ್ಲಿ ಮೆಲ್ಲ ತಿರುಗಿಸಿ. ಕೋಲಿಗೂ ಟೈರಿಗೂ ನಡುವಿನ ಸಂದು ಒಂದೇ ಅಳತೆಯಲ್ಲಿ ಇರಬೇಕು. ಒಂದು ಕಡೆ ಎದ್ದು ಬಂದು ಕೋಲಿಗೆ ತಾಗಿದರೆ ಆ ಟೈರ್ ಮುಗಿಯಿತು. ಒಳಗಿನ ಟೈರಿಗೂ ಟಾರ್ಚ್ ಹಾಕಿ ನೋಡಿ, ಎಲ್ಲರೂ ಮರೆಯುವುದು ಅದನ್ನೇ. ಒಳಗಿನದಕ್ಕೆ ಗಾಳಿ ಕಡಿಮೆಯಾದರೂ ಹೊರಗಿನದು ಭಾರ ಹೊರುವುದರಿಂದ ಗೊತ್ತೇ ಆಗುವುದಿಲ್ಲ, ಒಳಗಿನದು ಬಿಸಿಯಾಗಿ ಹಾಳಾಗುತ್ತದೆ. ಎರಡು ಟೈರಿನ ನಡುವೆ ಕಲ್ಲು ಸಿಕ್ಕಿಕೊಂಡಿದೆಯಾ ಅಂತಲೂ ನೋಡಿ. ಟೈರಿನ ಬದಿಯಲ್ಲಿ ನಾಲ್ಕು ಅಂಕೆ ಇರುತ್ತದೆ, 2217 ಎಂದಿದ್ದರೆ 2017ರ 22ನೇ ವಾರ ತಯಾರಾದದ್ದು. ಆರಕ್ಕೂ ಅದನ್ನು ಬರೆದು ಕಳಿಸಿ.

ನೀರ್ಚಾಲ್ ಇನ್ನೋವಾ: ಎಷ್ಟು ಕಿಲೋಮೀಟರಿಗೆ ಒಮ್ಮೆ ಬ್ಯಾಲೆನ್ಸಿಂಗ್ ಮಾಡಿಸಬೇಕು ಅಣ್ಣ?

ಟೈರ್ ಅಣ್ಣ: 10,000. ಟೈರ್ ಬಿಚ್ಚಿ ಹಾಕಿದರೆ ಆಗಲೇ.

ಬದಿಯಡ್ಕ ಆಟೋ: ನಮ್ಮ ಆಟೋಗೆ ಇದೆಲ್ಲ ಬೇಕಾ ಅಣ್ಣ?

ಗಲ್ಫ್ ಟ್ರೈಲರ್: ಮಣಿ ಬೇಡ ಅಂತ ಯಾಕೆ ಹೇಳುವುದು? ವೇಟ್ ಒಂದು ಸಲ ಹೊಡೆದರೆ ಹೊಡೆದ ದಿನಕ್ಕೆ ಮಾತ್ರ ಸರಿ. ಟೈರ್ ಸವೆದ ಹಾಗೆ ಲೆಕ್ಕ ತಪ್ಪುತ್ತದೆ. ಮಣಿ ತಾನೇ ಜಾಗ ಹುಡುಕಿಕೊಳ್ಳುತ್ತದೆ.

ಉಪ್ಪಳ ಲಾರಿ: ಹಾಗಾದರೆ ಮಣಿ ಇರುವ ಚಕ್ರ ಮಿಷಿನ್‌ನಲ್ಲಿ ಯಾಕೆ ಸೊನ್ನೆ ತೋರಿಸುವುದಿಲ್ಲ? ಮೊನ್ನೆ ನಮ್ಮ ಒಂದು ಲಾರಿಯ ಚಕ್ರ ಪ್ರತಿ ಸಲ ಬೇರೆ ಬೇರೆ ತೋರಿಸಿತು.

ಗಲ್ಫ್ ಟ್ರೈಲರ್: ನಿಮಗೆ ಗೊತ್ತಿಲ್ಲದ್ದಕ್ಕೆ ಮಾತಾಡಬೇಡಿ. ನೀವು ಕಾಸರಗೋಡು ದಾಟಿ ಲಾರಿ ಓಡಿಸಿದ್ದೀರಾ?

ಉಪ್ಪಳ ಲಾರಿ: ನಾಲ್ಕು ಲಾರಿ ಉಂಟು ನನ್ನದು. ಮುಂಬೈವರೆಗೆ ಹೋಗುತ್ತದೆ. ನಿಮ್ಮ ಹಾಗೆ ಊರಿಗೆ ಬಂದು ಉಪದೇಶ ಮಾಡುವುದಿಲ್ಲ.

ಅಡ್ಮಿನ್: ದಯವಿಟ್ಟು ವಿಷಯಕ್ಕೆ ಬನ್ನಿ.

ಟೈರ್ ಅಣ್ಣ: ಮಿಷಿನ್ ಸೊನ್ನೆ ತೋರಿಸದಿರುವುದು ಮಣಿಯ ತಪ್ಪಲ್ಲ. ಚಕ್ರ ಸ್ವಲ್ಪ ಮೇಲೆ ಕೆಳಗೆ ಆಡುವ ಜಾಗ ಇದ್ದರೆ ಮಾತ್ರ ಮಣಿಗಳು ಭಾರದ ಎದುರು ಬದಿಗೆ ಸರಿಯುತ್ತವೆ. ಗಾಡಿಯಲ್ಲಿ ಸಸ್ಪೆನ್ಷನ್ ಇರುವುದರಿಂದ ಆಡುತ್ತದೆ, ಮಿಷಿನ್‌ನಲ್ಲಿ ಆಡುವುದಿಲ್ಲ. ಹಾಗಾಗಿ ಮಣಿ ಇರುವ ಚಕ್ರವನ್ನು ಮಿಷಿನ್‌ಗೆ ಹಾಕಿ ಅಳೆಯುವುದೇ ತಪ್ಪು. ಅಲ್ಲಿ ಗಲ್ಫಿನವರು ಹೇಳಿದ್ದು ಸರಿ. ಆದರೆ ಅವರು ಓಡಿಸಿದ ರಸ್ತೆ ಬೇರೆ. ಅಲ್ಲಿ ಒಣ ಗಾಳಿ, ದೊಡ್ಡ ಟೈರ್, ಗಂಟೆಗಟ್ಟಲೆ ಒಂದೇ ವೇಗ. ನಮ್ಮಲ್ಲಿ ಮಳೆಗಾಲದಲ್ಲಿ ಕಂಪ್ರೆಸರ್ ಟ್ಯಾಂಕಿನ ತಳದ ನೀರು ಬಿಡದೆ ಗಾಳಿ ತುಂಬುವವರೇ ಜಾಸ್ತಿ. ಆ ತೇವ ಟೈರಿಗೆ ಹೋಗಿ ಮಣಿ ಒಂದೇ ಕಡೆ ಮುದ್ದೆಯಾಗಿ ಅಂಟಿದರೆ ಅದೇ ಹೊಸ ಭಾರ. ಪಂಕ್ಚರ್ ಜೆಲ್ ಹಾಕಿದ ಟೈರಿಗೆ ಮಣಿ ಹಾಕಲೇಬಾರದು. ವಾಲ್ವಿನ ಪಿನ್ನಿಗೆ ಜಾಲರಿ ಇರಬೇಕು, ಇಲ್ಲದಿದ್ದರೆ ಮಣಿ ಸಿಕ್ಕಿ ಗಾಳಿ ಹೋಗುತ್ತದೆ. ಪಂಕ್ಚರ್ ಹಾಕುವವನಿಗೆ ಒಳಗೆ ಮಣಿ ಉಂಟು ಎಂದು ಮೊದಲೇ ಹೇಳಬೇಕು, ಅವನು ಅದನ್ನು ಮಣ್ಣು ಅಂತ ಗುಡಿಸಿ ಬಿಸಾಡುತ್ತಾನೆ. ಲಾರಿ ಬಸ್ಸಿನ ಹಿಂದಿನ ಚಕ್ರಕ್ಕೆ ಇಷ್ಟು ಜಾಗ್ರತೆ ಮಾಡಿದರೆ ನಾನೇ ಹಾಕಿಕೊಡುತ್ತೇನೆ. ಕಾರಿಗೆ ಹಾಕುವುದಿಲ್ಲ. ಅಗಲದ ಟೈರಿಗೆ ಒಳ ಅಂಚು, ಹೊರ ಅಂಚು ಎರಡರಲ್ಲೂ ಬೇರೆ ಬೇರೆ ವೇಟ್ ಬೇಕು. ಅದನ್ನೇ ಡೈನಾಮಿಕ್ ಅನ್ನುವುದು. ಮಣಿಯಿಂದ ಆ ಅಡ್ಡ ಕುಲುಕು ಪೂರ್ತಿ ಹೋದದ್ದನ್ನು ನಾನು ನೋಡಿಲ್ಲ.

ಮಂಜೇಶ್ವರ ಮಾವ: ಇದು ನನಗೆ ಬಂದದ್ದು, ಎಲ್ಲರಿಗೂ ಉಪಯೋಗ ಆಗಲಿ. "ಪ್ರತಿ ಟೈರಿಗೆ ಅರ್ಧ ಲೀಟರ್ ಕೂಲಂಟ್, ಒಂದು ಹಿಡಿ ಸೈಕಲ್ ಬಾಲ್ಸ್ ಹಾಕಿ, ಮೇಲೆ ನೈಟ್ರೋಜನ್ ತುಂಬಿಸಿ. ಜೀವನದಲ್ಲಿ ಬ್ಯಾಲೆನ್ಸಿಂಗ್ ಬೇಡ."

ಟೈರ್ ಅಣ್ಣ: ಮಾವ, ಹಾಕಬೇಡಿ. ಬೇರೆಯವರಿಗೆ ಕಳಿಸಲೂ ಬೇಡಿ. ನೀರು ಸೇರಿದರೆ ಉಕ್ಕಿನ ರಿಮ್ ಒಳಗಿನಿಂದ ತುಕ್ಕು ಹಿಡಿಯುತ್ತದೆ. ಬಾಲ್ಸ್ ತುಕ್ಕು ಹಿಡಿದು ಟೈರಿನ ಒಳಪದರವನ್ನು ಕೆರೆಯುತ್ತದೆ. ಗಾಳಿಯಲ್ಲಿ 78 ಭಾಗ ನೈಟ್ರೋಜನ್ನೇ ಇರುವುದು, ಅದಕ್ಕೂ ಬ್ಯಾಲೆನ್ಸಿಂಗಿಗೂ ಸಂಬಂಧ ಇಲ್ಲ. ಹೀಗೆ ಮಾಡಿದ ಒಂದು ಟೈರ್ ಬಿಚ್ಚುವಾಗ ಕಪ್ಪು ನೀರು ನನ್ನ ಮುಖಕ್ಕೇ ಹಾರಿದೆ.

ಮಂಜೇಶ್ವರ ಮಾವ: ನಾನು ಒಳ್ಳೆಯದಾಗಲಿ ಅಂತ ಹಾಕಿದ್ದು. ಇಷ್ಟು ಜೋರು ಮಾಡುವುದು ಬೇಡ.

ಸೀತಾಂಗೋಳಿ ಬಲೆನೊ: ಅಣ್ಣ, ಅಲಾಯ್ ವೀಲಿಗೆ ಅಂಟಿಸುವ ವೇಟ್ ಎರಡು ಸಲ ಬಿದ್ದು ಹೋಯಿತು.

ಟೈರ್ ಅಣ್ಣ: ರಿಮ್ ಒರೆಸದೆ ಅಂಟಿಸಿದ್ದಾರೆ. ಹಳೆಯ ಗಮ್ ಕೆರೆದು ತೆಗೆದು, ಸ್ಪಿರಿಟ್ ಹಾಕಿ ಒರೆಸಿ, ಒಣಗಿದ ಮೇಲೆ ಅಂಟಿಸಿ ಒತ್ತಿ ಹಿಡಿಯಬೇಕು. ಹಳೆಯ ವೇಟ್ ತೆಗೆಯದೆ ಅದರ ಮೇಲೆ ಲೆಕ್ಕ ಮಾಡುವವರೂ ಇದ್ದಾರೆ, ಪಕ್ಕದಲ್ಲಿ ನಿಂತು ನೋಡಿ. ಒಂದು ಕಾರಿನ ಚಕ್ರಕ್ಕೆ 100 ಗ್ರಾಂ ಹತ್ತಿರ ಕೇಳಿದರೆ ವೇಟ್ ಹೊಡೆಸಬೇಡಿ. ಗಾಳಿ ತೆಗೆದು ಟೈರನ್ನು ರಿಮ್ಮಿನ ಮೇಲೆ ಅರ್ಧ ಸುತ್ತು ತಿರುಗಿಸಿ ಮತ್ತೆ ಅಳೆಯಲು ಹೇಳಿ. ಹೊಸ ಟೈರಿನಲ್ಲಿ ಹಳದಿ ಚುಕ್ಕೆ ಇದ್ದರೆ ಅದು ಹಗುರ ಜಾಗ, ವಾಲ್ವಿನ ನೇರಕ್ಕೆ ಬರಬೇಕು.

ಅಡೂರು ಜೀಪು: ಮಂಗಳೂರಿಗೆ ಹೋದರೆ ಟೈರನ್ನು ರೋಲರ್ ಒತ್ತಿ ನೋಡುವ ಮಿಷಿನ್ ಸಿಗುತ್ತದಂತೆ. ಇಲ್ಲಿಯವರು ಸುಮ್ನೆ ಹಣ ತೆಗೆದುಕೊಳ್ಳುತ್ತಾರೆ.

ಕಾಞಂಗಾಡ್ ಟ್ಯಾಕ್ಸಿ: ಎಲ್ಲದಕ್ಕೂ ಮಂಗಳೂರು ಯಾಕೆ? ಇಲ್ಲಿ ಕೆಲಸ ಗೊತ್ತಿದ್ದವರು ಇಲ್ಲವಾ?

ಅಡೂರು ಜೀಪು: ಇದ್ದರೆ ಪೆರ್ಲದವರ ಮುಂದಿನ ಚಕ್ರ ಮೂರು ಸಲ ಮಾಡುತ್ತಿರಲಿಲ್ಲ.

ಕಾಞಂಗಾಡ್ ಟ್ಯಾಕ್ಸಿ: ನೀವು 100 ರೂಪಾಯಿ ಕಡಿಮೆಗೆ ಅಂಗಡಿ ಹುಡುಕುತ್ತೀರಿ, ಆಮೇಲೆ ಊರನ್ನೇ ಬೈಯುತ್ತೀರಿ.

ಟೈರ್ ಅಣ್ಣ: ರೋಲರ್ ಮಿಷಿನ್ ಒಳ್ಳೆಯದೇ. ಭಾರ ಬಿದ್ದಾಗ ಟೈರ್ ಎಲ್ಲಿ ಗಟ್ಟಿ, ಎಲ್ಲಿ ಮೆದು ಎಂದು ತೋರಿಸುತ್ತದೆ. ಎಷ್ಟು ಬ್ಯಾಲೆನ್ಸ್ ಮಾಡಿದರೂ ನಡುಕ ಹೋಗದ ಕಾರಿಗೆ ಅದು ಬೇಕು. ಉಳಿದವರಿಗೆ ಬೇಡ. ಯಾವ ಊರಿನ ಅಂಗಡಿ ಎನ್ನುವ ಜಗಳ ಬೇರೆ ಕಡೆ ಮಾಡಿ.

ಕುಂಬಳೆ ಸ್ಕೂಲ್ ವ್ಯಾನ್: ರೀಸೋಲ್ ಟೈರ್ (ಹಳೆಯದಕ್ಕೆ ಹೊಸ ರಬ್ಬರ್ ಹಾಕಿದ್ದು) ಮುಂದೆ ಹಾಕಬಹುದಾ?

ಟೈರ್ ಅಣ್ಣ: ಬೇಡ. ಮಕ್ಕಳ ಗಾಡಿ.

ಬೋವಿಕ್ಕಾನ ಪಲ್ಸರ್: ಬೈಕಿಗೆ ಬ್ಯಾಲೆನ್ಸಿಂಗ್ ಬೇಕಾ?

ಟೈರ್ ಅಣ್ಣ: ಮೇಲೆ ಓದಿ.

ಬದಿಯಡ್ಕ ಆಟೋ: ಆಟೋದ್ದು ಕೇಳಿದ್ದೆ ಅಣ್ಣ.

ನೀರ್ಚಾಲ್ ಇನ್ನೋವಾ: ಎಷ್ಟು ರೇಟ್ ಆಗಬಹುದು ನಾಲ್ಕು ಚಕ್ರಕ್ಕೆ?

ಪೆರ್ಲದ ಕ್ಯಾರವಾನ್: ಅಣ್ಣ, ನೋಡಿದೆ. ಮುಂದಿನದು ಎರಡೂ 0923. ಹಿಂದೆ ಎಡಬದಿಯ ಹೊರಗಿನದು 3120, ಒಳಗಿನದು 1416. ಬಲಬದಿ ಎರಡೂ 3120. ಎಡಬದಿ ಒಳಗಿನದು ತಿರುಗಿಸುವಾಗ ಒಂದು ಕಡೆ ಕೋಲಿಗೆ ತಾಗುತ್ತದೆ, ಒಂದು ಅಂಗೈ ಅಗಲ ಉಬ್ಬಿದೆ. ಫೋಟೋ ಹಾಕಿದ್ದೇನೆ. ನೀರಿನ ಟ್ಯಾಂಕ್ ಇರುವುದೂ ಆ ಬದಿಯಲ್ಲೇ.

ಟೈರ್ ಅಣ್ಣ: ಫೋಟೋ ನೋಡಿದೆ. ಬೆಲ್ಟ್ ಬಿಟ್ಟಿದೆ. ಅದನ್ನು ಮುಟ್ಟುವಾಗ ಜಾಗ್ರತೆ, ತಂತಿ ಹೊರಗೆ ಬಂದಿದ್ದರೆ ಕೈ ಕೊಯ್ಯುತ್ತದೆ. ಗಾಳಿ ಪೂರ್ತಿ ಇಳಿಸಿ ಬಿಡಿ. ಒಂದು ಟೈರ್ ಮಾತ್ರ ಹೊಸದು ಹಾಕಬೇಡಿ, ಜೋಡಿಯಲ್ಲಿ ಎರಡೂ ಒಂದೇ ಎತ್ತರ ಇರಬೇಕು. ಇಲ್ಲದಿದ್ದರೆ ಎತ್ತರದ್ದು ಭಾರ ಎಲ್ಲ ಹೊರುತ್ತದೆ. ಹಾಗಾಗಿ ಎಡಬದಿಗೆ ಎರಡೂ ಹೊಸದು. ಆಮೇಲೆ ನೀರು ತುಂಬಿಸಿ, ಸಾಮಾನು ಹಾಕಿ, ಎಲ್ಲರನ್ನೂ ಕೂರಿಸಿ ವೇ ಬ್ರಿಡ್ಜ್‌ನಲ್ಲಿ ತೂಗಿಸಿ. ಮುಂದಿನ ಆಕ್ಸಲ್ ಬೇರೆ, ಹಿಂದಿನದು ಬೇರೆ. ಟೈರಿನ ಮೇಲೆ ಬರೆದ ಭಾರಕ್ಕಿಂತ ಜಾಸ್ತಿ ಬಂದರೆ ಬ್ಯಾಲೆನ್ಸಿಂಗಿನ ಮಾತೇ ಬೇಡ, ಸಾಮಾನು ಇಳಿಸಬೇಕು. 200 ಲೀಟರ್ ನೀರು ಅಂದರೆ 200 ಕಿಲೋ ಒಂದೇ ಬದಿಗೆ. ಟ್ಯಾಂಕ್ ನಡುವಿಗೆ ತರಲು ಆಗುತ್ತದಾ ನೋಡಿ.

ಅದೆಲ್ಲ ಆದ ಮೇಲೆ ನೀವು ಕೇಳಿದ್ದಕ್ಕೆ ಉತ್ತರ. ಆರೂ ಚಕ್ರ ಒಂದೊಂದಾಗಿ ಮಿಷಿನ್‌ಗೆ ಹಾಕಿ ವೇಟ್ ಹೊಡೆಸಿ. ಚಕ್ರದ ನಡುವಿನ ತೂತಿಗೆ ಮಿಷಿನ್‌ನ ಕೋನ್ (ಚಕ್ರ ಹಿಡಿಯುವ ಚೂಪು ಭಾಗ) ಸರಿ ಕೂರದಿದ್ದರೆ ನಟ್ ತೂತುಗಳಲ್ಲಿ ಹಿಡಿಯುವ ಪ್ಲೇಟ್ ಹಾಕಿಸಿ. ನಿಮ್ಮ ಮುಂದಿನ ಚಕ್ರ ಮೂರು ಸಲವೂ ಬರೀ ಕೋನ್‌ನಲ್ಲಿ ಮಾಡಿರಬಹುದು. ರಿಂಗ್ ಕೂರಿಸಿದರೆ ಬ್ರೇಕ್ ಡ್ರಮ್ ಸಮೇತ ಬ್ಯಾಲೆನ್ಸ್ ಆಗುತ್ತದೆ, ಟೈರ್ ಬದಲಿಸಿದರೂ ರಿಂಗ್ ಉಳಿಯುತ್ತದೆ. ಆದರೆ ಅದು ಹಬ್‌ಗೂ ಚಕ್ರಕ್ಕೂ ನಡುವೆ ಕೂರುವುದರಿಂದ ಬೋಲ್ಟಿನ ಉದ್ದ ಸಾಲದೆ ನಟ್ ಅರ್ಧ ಮಾತ್ರ ಹಿಡಿಯಬಹುದು. ಅಳೆಯದೆ ತರಿಸಬೇಡಿ. ಚಕ್ರ ಕಟ್ಟಿದ ಮೇಲೆ 50 ಕಿ.ಮೀ. ಓಡಿಸಿ ನಟ್ ಮತ್ತೆ ಬಿಗಿ ಮಾಡಿ.

ಗಲ್ಫ್ ಟ್ರೈಲರ್: ಇಷ್ಟೆಲ್ಲ ಹೇಳಿ ಕೊನೆಗೆ ವೇಟ್‌ಗೇ ಬಂದಿರಿ.

ಟೈರ್ ಅಣ್ಣ: ಉಬ್ಬಿದ ಟೈರಿಗೆ ಎರಡನೇ ಯೋಚನೆ ಇಲ್ಲದೆ ಮಣಿ ಹಾಕಿಸಿ ಎಂದವರು ನೀವು. ಇನ್ನು ಈ ಮಾತು ಸಾಕು.

ಪೆರ್ಲದ ಕ್ಯಾರವಾನ್: ಸದ್ಯಕ್ಕೆ ಸ್ಟೆಪ್ನಿ ಹಾಕಿ ನಿಮ್ಮ ಅಂಗಡಿವರೆಗೆ ತರಬಹುದಾ ಅಣ್ಣ? ಸ್ಟೆಪ್ನಿ ಒಮ್ಮೆಯೂ ಓಡಿಸಿಲ್ಲ, ಹೊಸದರ ಹಾಗೇ ಉಂಟು. ಅಂಕೆ 1416.

ಟೈರ್ ಅಣ್ಣ: ಅದೂ ಬೇಡ. ಅದೇ ವಾರದ ಟೈರ್. ಓಡದಿದ್ದರೂ ರಬ್ಬರಿಗೆ ವಯಸ್ಸಾಗುತ್ತದೆ. ಎಡಬದಿಯ ಎರಡು ಚಕ್ರವನ್ನೂ ಬಿಚ್ಚಿ ಪಿಕಪ್‌ನಲ್ಲಿ ಹಾಕಿ ಕಳಿಸಿ, ನಾಳೆ ಬೆಳಿಗ್ಗೆ 8ಕ್ಕೆ ಅಂಗಡಿ ತೆರೆಯುತ್ತೇನೆ. ಗಾಡಿ ಸ್ಟ್ಯಾಂಡ್ ಮೇಲೆಯೇ ಇರಲಿ.