ಮರು: ಸೋರ್ಸ್‌ಬುಕ್, ವಾರ್ಡ್ – ಕನ್ನಡದಲ್ಲಿ ಏನನ್ನಬೇಕು? (ಶುಕ್ರವಾರದೊಳಗೆ ಬೇಕು)

> ರೋಲ್‌ಪ್ಲೇ (ಪಾತ್ರ ವಹಿಸಿ ಆಡುವ) ಆಟಕ್ಕೆಂದು ಕಲ್ಪನೆಯ ಊರೊಂದನ್ನು ಮಾಡಿದ್ದೇವೆ. ಒಂದು ದೊಡ್ಡ ಸಿಟಿ ಮ್ಯಾಪ್, ಜೊತೆಗೆ ಊರಿನ ವಿವರಗಳ ಪುಸ್ತಕ, ಅಂದರೆ ಸೋರ್ಸ್‌ಬುಕ್. ಮುಖಪುಟ ಶುಕ್ರವಾರ ಅಚ್ಚಿಗೆ ಹೋಗಬೇಕು. ಸೋರ್ಸ್‌ಬುಕ್‌ಗೆ 'ಆಕರಗ್ರಂಥ' ಸರಿಯೇ?

ಸರಿಯಲ್ಲ. ದಯವಿಟ್ಟು ಅದನ್ನು ಹಾಕಬೇಡಿ.

ಆಕರ ಅಂದರೆ ಗಣಿ. ಪಿಎಚ್‌ಡಿ ಪ್ರಬಂಧದ ಕೊನೆಗೆ ಬರುವ ಪಟ್ಟಿಗೆ ಆ ಮಾತು ಅಂಟಿಕೊಂಡುಬಿಟ್ಟಿದೆ. ಆಟ ಆಡುವ ಹುಡುಗರು ಮುಖಪುಟದಲ್ಲಿ ಅದನ್ನು ಕಂಡರೆ ಸಂಶೋಧನೆಯ ಪುಸ್ತಕ ಅಂದುಕೊಂಡು ಕೆಳಗಿಡುತ್ತಾರೆ. 'ಸೋರ್ಸ್' ಎಂದ ತಕ್ಷಣ 'ಆಕರ' ಎಂದು ಬರೆಯುವುದು ನಿಘಂಟಿನ ಅನುವಾದ. ಮೊದಲು ವಸ್ತು ಏನು ಅಂತ ನೋಡಬೇಕು, ಅಲ್ವಾ?

ಡಂಜನ್ಸ್ ಅಂಡ್ ಡ್ರಾಗನ್ಸ್ ಎಂಬ ರೋಲ್‌ಪ್ಲೇ ಆಟ 1974ರಲ್ಲಿ ಬಂದಾಗ ಪೆಟ್ಟಿಗೆಯಲ್ಲಿ ಮೂರು ಸಣ್ಣ ಪುಸ್ತಿಕೆಗಳಿದ್ದವು. ಅವು ನಿಯಮದ ಪುಸ್ತಿಕೆಗಳು. 1976ರಲ್ಲಿ ಜಡ್ಜಸ್ ಗಿಲ್ಡ್ ಎಂಬ ಅಮೆರಿಕದ ಕಂಪನಿ ಆಟಕ್ಕಾಗಿ ಇಡೀ ಊರೊಂದನ್ನೇ ಅಚ್ಚು ಹಾಕಿತು. ಒಂದು ದೊಡ್ಡ ನಕ್ಷೆ, ಅದರ ಜೊತೆ ಯಾವ ಬೀದಿಯಲ್ಲಿ ಯಾವ ಅಂಗಡಿ, ಅಂಗಡಿಯವನು ಯಾರು ಎಂಬ ವಿವರ. ಇಂಥ ಆಟಗಳನ್ನು ಬರೆಯುವ ಮಾಂಟಿ ಕುಕ್ 2006ರಲ್ಲಿ ತಂದ ಊರಿನ ಪುಸ್ತಕ 600 ಪುಟ ದಾಟಿದೆ. ಇಂಥವನ್ನು ಯಾರೂ ಕಾದಂಬರಿಯ ಹಾಗೆ ಕೂತು ಓದುವುದಿಲ್ಲ. ಆಟದ ನಡುವೆ ಯಾರೋ "ನಾನು ಕಮ್ಮಾರನ ಹತ್ತಿರ ಹೋಗುತ್ತೇನೆ" ಅಂದಾಗ ತೆಗೆದು ನೋಡುವ ಪುಸ್ತಕ ಅದು.

ಇದಕ್ಕೆ ಕನ್ನಡದಲ್ಲಿ ಹೆಸರಿದೆ. ಕಡತ.

"ಕಡತ ಅಂದರೆ ಆಫೀಸಿನ ಫೈಲು" ಎಂದು ನಿನ್ನೆ ಒಬ್ಬರು ಒಂದೇ ಸಾಲಿನಲ್ಲಿ ತಳ್ಳಿಹಾಕಿದರು. ಅದು ಈಚಿನ ಅರ್ಥ. ಹಳೆಯ ಕಡತ ಬಟ್ಟೆಯದು. ಬಟ್ಟೆಗೆ ಹುಣಸೆಬೀಜದ ಅಂಟು, ಇದ್ದಿಲ ಪುಡಿ ಬಳಿದು ಒಣಗಿಸಿ, ಉದ್ದಕ್ಕೆ ಮಡಿಸಿಕೊಂಡು ಬರುತ್ತಿದ್ದರು. ಕಪ್ಪು ಮೈ ಮೇಲೆ ಬಳಪದಲ್ಲಿ ಬರವಣಿಗೆ. ವ್ಯಾಪಾರಿಗಳು, ಶಾನುಭೋಗರು ಲೆಕ್ಕಪತ್ರ ಇಟ್ಟದ್ದು ಇದರಲ್ಲೇ. ಶೃಂಗೇರಿ ಮಠದಲ್ಲಿ ಇಂಥ ಕಡತಗಳು ಉಳಿದುಬಂದಿವೆ. ಎಲ್ಲಕ್ಕಿಂತ ಮುಖ್ಯ, ಕಡತದಲ್ಲಿ ಬರೆದದ್ದನ್ನು ಅಳಿಸಿ ಮತ್ತೆ ಬರೆಯಬಹುದಿತ್ತು. ನಿಮ್ಮ ಆಟಗಾರರು ಈ ವಾರ ಹೆಂಡದಂಗಡಿಗೆ ಬೆಂಕಿ ಇಟ್ಟರೆ ಮುಂದಿನ ವಾರ ಅಲ್ಲಿ ಅಂಗಡಿ ಇರುವುದಿಲ್ಲ. ಆಟ ನಡೆಸುವ ಗೇಮ್ ಮಾಸ್ಟರ್ ಅದನ್ನು ತಿದ್ದಿಕೊಳ್ಳಲೇಬೇಕು. ಇಷ್ಟು ಸರಿಯಾಗಿ ಕೂರುವ ಮಾತನ್ನು ಬಿಟ್ಟು ಸುಮ್ನೆ ಗ್ರಂಥ ಗಿಂಥ ಅಂತ ಯಾಕೆ ಹೋಗಬೇಕು?

'ಕೈಪಿಡಿ' ಒಳ್ಳೆಯ ಮಾತೇ. ಅದನ್ನು ನಿಯಮದ ಪುಸ್ತಕಕ್ಕೆ ಇಟ್ಟುಕೊಳ್ಳಿ.

> ನಕ್ಷೆ ಅರಬ್ಬಿ ಮಾತು. ಭೂಪಟ ಎನ್ನಿ. ಇಲ್ಲವೇ ಅಚ್ಚಗನ್ನಡದಲ್ಲಿ ನೆಲತಿಟ್ಟ ಎನ್ನಿ.

ಭೂಪಟ ಮಾತ್ರ ಯಾವ ಕನ್ನಡ? ಭೂ, ಪಟ ಎರಡೂ ಸಂಸ್ಕೃತ. ಶಾಲೆಯ ಗೋಡೆಗೆ ನೇತುಹಾಕಿದ ದೇಶದ ಚಿತ್ರ ಭೂಪಟ. ಮನೆ, ಸೈಟು, ಊರು ಇವುಗಳದ್ದು ನಕ್ಷೆ. ಗ್ರಾಮನಕ್ಷೆ ಕೊಡಿ ಅಂತ ರೈತರು ಕೇಳುತ್ತಾರೆ, ಗ್ರಾಮ ಭೂಪಟ ಕೊಡಿ ಅಂತ ಯಾರೂ ಕೇಳುವುದಿಲ್ಲ. ತಿಟ್ಟು ಅಂದರೆ ಕರಾವಳಿಯ ನಮಗೆ ಯಕ್ಷಗಾನದ ತೆಂಕುತಿಟ್ಟು, ಬಡಗುತಿಟ್ಟು ನೆನಪಾಗುತ್ತದೆ. ನಕ್ಷೆ ಇರಲಿ. ಈ ಚರ್ಚೆ ಇಲ್ಲಿ ಎಷ್ಟೋ ಸಲ ಆಗಿದೆ, ಕೇಳಿದವರಿಗೆ ಶುಕ್ರವಾರದ ಗಡುವಿದೆ.

> ನಕ್ಷೆಯ ವಾರ್ಡ್‌ಗಳಿಗೆ ಒಂದೇ ಪದ ಬೇಕು. ಪೇಟೆಯೋ ಕೇರಿಯೋ?

ಒಂದೇ ಪದ ಯಾಕೆ ಬೇಕು? ಇಂಗ್ಲಿಷಿನಲ್ಲಿ ವಾಟರ್‌ಡೀಪ್ ಎಂಬ ಆಟದ ಊರಿಗೆ ಕ್ಯಾಸಲ್ ವಾರ್ಡ್, ಡಾಕ್ ವಾರ್ಡ್, ಸೀ ವಾರ್ಡ್ ಎಂದು ಸಾಲಾಗಿ ಇಟ್ಟಿದ್ದಾರೆ. ಅವರ ಪದ್ಧತಿ ಅವರಿಗೆ. ನಮ್ಮಲ್ಲಿ ವಾರ್ಡ್ ಎಂದರೆ ಆಸ್ಪತ್ರೆ, ಇಲ್ಲ ಕಾರ್ಪೊರೇಟರ್ ಚುನಾವಣೆ. ನಮ್ಮ ಊರುಗಳನ್ನೇ ನೋಡಿ. ಬೆಂಗಳೂರಿನಲ್ಲಿ ಬಳೇಪೇಟೆ, ಅಕ್ಕಿಪೇಟೆ, ಕುಂಬಾರಪೇಟೆ. ಮೈಸೂರಿನಲ್ಲಿ ಮಂಡಿ ಮೊಹಲ್ಲಾ, ಲಷ್ಕರ್ ಮೊಹಲ್ಲಾ, ಜೊತೆಗೆ ಅಗ್ರಹಾರ, ಒಂಟಿಕೊಪ್ಪಲು. ಹುಬ್ಬಳ್ಳಿಯಲ್ಲಿ ಘಂಟಿಕೇರಿ, ಮತ್ತೆ ಎಷ್ಟೋ ಓಣಿ. ಹೆಸರಿನ ಬಾಲವೇ ಅಲ್ಲಿ ಯಾರಿದ್ದರು, ಏನು ಮಾರುತ್ತಿದ್ದರು ಎಂದು ಹೇಳುತ್ತದೆ. ಪೇಟೆ ಎಂದರೆ ವ್ಯಾಪಾರ. ಅಗ್ರಹಾರ ಎಂದರೆ ದತ್ತಿ ಪಡೆದ ಬ್ರಾಹ್ಮಣರ ಬೀದಿ. ದಂಡು ಎಂದರೆ ಸೈನ್ಯ, ಲಷ್ಕರ್ ಎಂದರೂ ಸೈನ್ಯ. ಆದರೆ ಎರಡನೆಯದನ್ನು ಓದಿದವನಿಗೆ ಪಾರಸಿ ಬಲ್ಲ ದರ್ಬಾರು ಒಂದು ಕಾಲದಲ್ಲಿತ್ತು ಎಂದೂ ಗೊತ್ತಾಗುತ್ತದೆ. ಒಂದು ವಾಕ್ಯ ವಿವರಣೆ ಬೇಡ.

ಕೇರಿಯನ್ನು ಹಾಕುವಾಗ ಎಚ್ಚರ ಇರಲಿ. ತಮಿಳಿನ ಚೇರಿ, ನಮ್ಮ ಕೇರಿ ಒಂದೇ ಮಾತು, ಚೆವಿ–ಕಿವಿ ಇದ್ದ ಹಾಗೆ. ಕರಾವಳಿಯಲ್ಲಿ ಯಾರ ಬೀದಿಯಾದರೂ ಕೇರಿಯೇ. ಬಯಲುಸೀಮೆಯ ಎಷ್ಟೋ ಊರುಗಳಲ್ಲಿ ಕೇರಿ ಅಂದರೆ ಊರಾಚೆ ಇಟ್ಟವರ ಜಾಗ. ಆ ನೋವು ಮಾತಿನೊಳಗೆ ಈಗಲೂ ಇದೆ. ನಿಮ್ಮ ಕತೆಯಲ್ಲಿ ಅಂಥ ಹೊರಗಿಡುವಿಕೆ ಇದ್ದರೆ ಬೇಕೆಂದೇ ಹಾಕಿ, ಇಲ್ಲದಿದ್ದರೆ ಬಂದರುಕೇರಿ, ಕಡಲಕೇರಿಯ ಹಾಗೆ ಸ್ಪಷ್ಟವಾಗಿ ಸೇರಿಸಿ ಬರೆಯಿರಿ.

ಎರವಲು ಮಾತನ್ನೆಲ್ಲ ಕಿತ್ತುಹಾಕಿ ಎನ್ನುವವರಿಗೆ ನನ್ನದು ಇಷ್ಟೇ. ಬಂದರು, ಬಜಾರು, ಮೊಹಲ್ಲಾ ಎಲ್ಲ ತೆಗೆದರೆ ಆ ಊರಿಗೆ ಹೊರಗಿನಿಂದ ಯಾವ ಹಡಗೂ ಬಂದಿಲ್ಲ ಎಂದಾಗುತ್ತದೆ. ಅಂಥ ಊರಲ್ಲಿ ಆಡಲು ಜಾಸ್ತಿ ಏನೂ ಇರುವುದಿಲ್ಲ.

ಮುಖಪುಟಕ್ಕೆ: ದೊಡ್ಡಕ್ಷರದಲ್ಲಿ ಊರಿನ ಹೆಸರು, ಅದರ ಕೆಳಗೆ 'ಊರ ಕಡತ ಮತ್ತು ನಕ್ಷೆ'. ಗೇಮ್ ಮಾಸ್ಟರನ್ನು ಹಾಗೇ ಬಿಡಿ, ಆಡುವವರೆಲ್ಲ ಅದನ್ನೇ ಅನ್ನುತ್ತಾರೆ. ನಕ್ಷೆಯ ಅಳತೆಯನ್ನು ಅಡಿಯಲ್ಲಿ ಕೊಟ್ಟಿದ್ದೀರೋ ಮಾರಿನಲ್ಲೋ? ಮಾರು ಆದರೆ ಚೆನ್ನ. ಬೀದಿಗಳ ಹೆಸರಿನ ಪಟ್ಟಿಯನ್ನು ಗುರುವಾರ ಸಂಜೆಯೊಳಗೆ ಇಲ್ಲಿ ಹಾಕಿ, ಕೂತು ನೋಡಿಕೊಡುತ್ತೇನೆ.