ಸಮಸ್ಯಾಪೂರಣ: ‘ಕೊನೆಯೆ ಮೊದಲಾಯ್ತಲಾ ಮೊದಲೆ ಕೊನೆಯೈ’

ಸಂಚಾಲಕರು:
ಕವಿಮಿತ್ರರೇ, ಮಧ್ಯಯುಗದ ಫ್ರಾನ್ಸಿನ ಲೌಕಿಕ ಗೀತೆಗಳನ್ನೂ ಅವನ್ನು ಕಟ್ಟಿ ಹಾಡಿದ ಕವಿಗಾಯಕರನ್ನೂ ವಸ್ತುವಾಗಿಟ್ಟುಕೊಂಡು, ಮೇಲಿನ ಸಾಲನ್ನು ಪಂಚಮಾತ್ರಾ ಚೌಪದಿಯಲ್ಲಿ ಪೂರೈಸಬೇಕೆಂದು ಕೋರುತ್ತೇನೆ. ಆದಿಪ್ರಾಸ ನಕಾರದ್ದು. ಇಂಥ ಆಟ ಅವರಲ್ಲಿಯೂ ಇತ್ತು: 13ನೆಯ ಶತಮಾನದ ಅರಾಸ್ ನಗರದಲ್ಲಿ ಟ್ರೂವೇರ್ (ಉತ್ತರ ಫ್ರಾನ್ಸಿನ ಕವಿಗಾಯಕ) ಕವಿಯೊಬ್ಬ ಪ್ರೇಮದ ಇಕ್ಕಟ್ಟಿನ ಪ್ರಶ್ನೆಯೊಂದನ್ನು ಹಾಡಿನಲ್ಲಿ ಒಡ್ಡಿದರೆ, ಎದುರಾಳಿಯು ಎರಡು ಪಕ್ಷಗಳಲ್ಲಿ ಒಂದನ್ನು ಹಿಡಿದು ಅದೇ ಛಂದಸ್ಸಿನಲ್ಲಿ, ಅದೇ ಮಟ್ಟಿನಲ್ಲಿ ಉತ್ತರಿಸಬೇಕಿತ್ತು, ಉಳಿದ ಪಕ್ಷವನ್ನು ಪ್ರಶ್ನೆ ಕೇಳಿದವನೇ ಸಮರ್ಥಿಸಬೇಕಿತ್ತು. ಜ್ಯೂ ಪಾರ್ತಿ ಎಂಬ ಈ ಪ್ರಕಾರದಲ್ಲಿ ಅರಾಸಿನ ಜಆನ್ ಬ್ರೆತೆಲ್‌ನಷ್ಟು ಪಳಗಿದವರು ವಿರಳ.

ಮೊದಲ ಪೂರಣ:
ಧ್ವನಿಯೊಂದು ಮುನ್ನಡೆಯೆ ಮತ್ತೊಂದು ಹಿನ್ನಡೆಯೆ
ದನಿಗೂಡಿ ಮೂರನೆಯದರೆಗೆ ಮರಳಲ್
ಇನಿಗವಿಯು ಮಾಶೋ ರಚಿಸಿದ ರೋಂದೋವಿನೊಳ್
ಕೊನೆಯೆ ಮೊದಲಾಯ್ತಲಾ ಮೊದಲೆ ಕೊನೆಯೈ

ರ‍್ಯಾಂಸ್ ಕೆಥೆಡ್ರಲ್ಲಿನಲ್ಲಿ ಕ್ಯಾನನ್ ಎಂಬ ಧಾರ್ಮಿಕ ಪದವಿಯಲ್ಲಿದ್ದ ಗಿಯೋಮ್ ದ ಮಾಶೋ (ಸುಮಾರು 1300–1377) ರಚಿಸಿದ ಮೂರು ಧ್ವನಿಗಳ ರೋಂದೋ (ಪಲ್ಲವಿ ಮರುಕಳಿಸುವ ಹಾಡು) ಇಲ್ಲಿಯ ವಸ್ತು. ಒಂದು ಧ್ವನಿಯ ಸ್ವರಗಳನ್ನೇ ಇನ್ನೊಂದು ಧ್ವನಿಯು ತುದಿಯಿಂದ ಮೊದಲಿಗೆ ಹಾಡುತ್ತದೆ. ಮೂರನೆಯದು ನಡುವಿನವರೆಗೆ ಸಾಗಿ ಬಂದ ದಾರಿಯಲ್ಲೇ ಹಿಂದಿರುಗುವುದರಿಂದ ಅದರ ಅರ್ಧವನ್ನಷ್ಟೇ ಬರೆದರೆ ಸಾಕು. ಹಾಡಿನ ಮಾತುಗಳು ಹೇಳುವುದೂ ಈ ಗುಟ್ಟನ್ನೇ.

ಎರಡನೆಯ ಪೂರಣ:
ಜನವಾರ್ತೆಯಿಂದೊಲಿದು ಕಡಲ ದಾಟಿದ ರುಡೆಲ್
ತನುವುಡುಗಿ ನಲ್ಲೆಯಾ ತೋಳೊಳಿರ್ದಂ
ಅನುರಾಗಿ ಕಂಡುದೊಂದೇ ನೋಟವದರಲ್ಲಿ
ಕೊನೆಯೆ ಮೊದಲಾಯ್ತಲಾ ಮೊದಲೆ ಕೊನೆಯೈ

12ನೆಯ ಶತಮಾನದ ಕವಿಗಾಯಕ ಜೌಫ್ರೆ ರುಡೆಲ್, (ಇಂದಿನ ಲೆಬನಾನಿನ) ಟ್ರಿಪೊಲಿಯ ಕೌಂಟೆಸಳನ್ನು ಕಾಣದೆಯೇ, ಯಾತ್ರಿಕರ ಬಾಯಿಂದ ಅವಳ ಗುಣಗಳನ್ನು ಕೇಳಿಯೇ ಒಲಿದು ಹಡಗು ಹತ್ತಿದನೆಂದೂ, ದಾರಿಯಲ್ಲಿ ರೋಗಕ್ಕೆ ತುತ್ತಾಗಿ ಅವಳ ತೋಳಿನಲ್ಲಿ ಪ್ರಾಣ ಬಿಟ್ಟನೆಂದೂ ಅವನ ಹಳೆಯ ಚರಿತೆ ಹೇಳುತ್ತದೆ. ಇತಿಹಾಸಕಾರರು ಇದನ್ನು ಕಟ್ಟುಕಥೆಯೆನ್ನುತ್ತಾರೆ. ಆದರೂ ದೂರದ ಪ್ರೇಮವನ್ನು ಅವನು ಹಾಡಿದ್ದಂತೂ ನಿಜ.

ಸಂಚಾಲಕರು:
ರುಡೆಲ್ ದಕ್ಷಿಣದ ಆಕ್ಸಿಟನ್ ಭಾಷೆಯ ಟ್ರುಬದೂರ್, ಉತ್ತರದ ಟ್ರೂವೇರ್ ಅಲ್ಲ. ಪದ್ಯದ ಕರುಣರಸಕ್ಕೆ ಮಣಿದು ಒಪ್ಪಿಕೊಂಡಿದ್ದೇನೆ. ನನ್ನ ಮೆಚ್ಚುಗೆ ಮಾತ್ರ ಮೊದಲನೆಯದಕ್ಕೇ ಹೆಚ್ಚು, ಏಕೆಂದರೆ ಅಲ್ಲಿ ವಿರೋಧವು ಕಥೆಯ ನೆರವಿಲ್ಲದೆ, ಹಾಡಿನ ರಚನೆಯಿಂದಲೇ ಪರಿಹಾರವಾಗುತ್ತದೆ. ‘ಧ್ವನಿ’, ‘ದನಿ’ ಎಂದು ಒಂದೇ ಮಾತು ಎರಡು ಸಾಲುಗಳ ಆರಂಭದಲ್ಲಿ ಬಂದಿರುವುದೊಂದು ಕೊರತೆ. ‘ದನಿಗೂಡಿ’ ಎಂಬಲ್ಲಿ ‘ಅನುವಾಗಿ’ ಎಂದರೆ ಮಾತ್ರೆಯೂ ಪ್ರಾಸವೂ ಕೆಡವು.